ದೊರೆಯ ಯುದ್ಧ, ಸಿಪಾಯಿಯ ಕಾರಣ

ಗೋಕುಲಂನ ಕಾಂಟೂರ್ ರಸ್ತೆಯಲ್ಲಿ ಬೆಳಗಿನ ಹೊತ್ತು ಯುರೋಪು, ಅಮೆರಿಕದ ಮಂದಿ ಎಳನೀರು ಕುಡಿಯುತ್ತ ನಿಂತಿರುವುದು ಈಗ ಯಾರ ಕಣ್ಣಿಗೂ ವಿಶೇಷವಾಗಿ ಕಾಣುವುದಿಲ್ಲ. ಪಟ್ಟಾಭಿ ಜೋಯಿಸರ ಯೋಗಶಾಲೆ ಲಕ್ಷ್ಮೀಪುರಂನಿಂದ ಇತ್ತ ಬಂದ ಮೇಲೆ ಬಡಾವಣೆಗೆ ಅದು ರೂಢಿಯಾಗಿದೆ. ಅಭ್ಯಾಸಕ್ಕೆ ಬಿಡುವಿದ್ದ ದಿನ ಅವರಲ್ಲಿ ಕೆಲವರು ಬಾಡಿಗೆ ಸ್ಕೂಟರ್ ಹತ್ತಿ ಶ್ರೀರಂಗಪಟ್ಟಣದ ಕಡೆ ಹೋಗುತ್ತಾರೆ. ಅಲ್ಲಿ ರಂಗನಾಥನ ಗುಡಿ, ದರಿಯಾ ದೌಲತ್, ಗುಂಬಜ್ ನೋಡುವವರ ನಡುವೆ ಕಾವೇರಿ ದಂಡೆಯ ಗ್ಯಾರಿಸನ್ ಸ್ಮಶಾನಕ್ಕೆ ಹೋಗುವವರು ಕಡಿಮೆ. ಹೋದವರಿಗೆ ಮುನ್ನೂರರಷ್ಟು ಗೋರಿಗಳು ಕಾಣುತ್ತವೆ. ಇಂಗ್ಲಿಷ್, ಸ್ಕಾಟಿಷ್ ಹೆಸರುಗಳ ಜೊತೆಗೇ ಒಂದು ಸ್ವಿಸ್ ಪಡೆಯ ಹೆಸರೂ ಅಲ್ಲಿದೆ: ಡಿ ಮ್ಯೂರಾನ್.

ಕಾವೇರಿ ದಂಡೆಯಲ್ಲಿ ಸ್ವಿಸ್ ಸೈನಿಕರಿಗೆ ಏನು ಕೆಲಸವಿತ್ತು? ಅವರ ಊರಿಗೂ ಮೈಸೂರಿಗೂ ಯಾವ ವೈರವೂ ಇರಲಿಲ್ಲ. ಇಂದಿನ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನ ಶಾರ್ಲ್ ಡಾನಿಯಲ್ ಡಿ ಮ್ಯೂರಾನ್ 1781ರಲ್ಲಿ ಒಂದು ಪಡೆ ಕಟ್ಟಿ ಅದನ್ನು ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಂದದ ಮೇಲೆ ಕೊಟ್ಟ. ಪಡೆ ಅವನ ಸ್ವಂತ ಆಸ್ತಿ. ಸಿಪಾಯಿಗಳು ಸಂಬಳಕ್ಕೆ ಸೇರಿದವರು. ಅವರು ಆಫ್ರಿಕದ ತುದಿಯ ಕೇಪ್ ದಾಟಿ ಸಿಲೋನಿಗೆ ಬಂದು ಕೊಲಂಬೊ ಕೋಟೆ ಕಾಯುತ್ತಿದ್ದಾಗ, 1795ರಲ್ಲಿ, ಬ್ರಿಟಿಷರ ಪರವಾಗಿ ಹ್ಯೂ ಕ್ಲೆಗಾರ್ನ್ ಎಂಬ ಪ್ರಾಧ್ಯಾಪಕ ನ್ಯೂಶಾಟೆಲ್‌ಗೆ ಹೋಗಿ ಮಾಲೀಕನ ಜೊತೆ ವ್ಯವಹಾರ ಕುದುರಿಸಿದ. ಪಡೆಯನ್ನು ಬ್ರಿಟಿಷರಿಗೆ ವಹಿಸಬೇಕು, ಡಚ್ಚರು ಉಳಿಸಿಕೊಂಡ ಬಾಕಿಯನ್ನು ಬ್ರಿಟಿಷರು ತೀರಿಸಬೇಕು ಎಂಬುದು ಕರಾರು. ಕೊಲಂಬೊ ಕೋಟೆಯೊಳಗೆ ಪಡೆಯನ್ನು ನಡೆಸುತ್ತಿದ್ದ ಮಾಲೀಕನ ತಮ್ಮನಿಗೆ ಈ ಸುದ್ದಿಯನ್ನು ಒಂದು ಚೀಸ್ ಉಂಡೆಯೊಳಗೆ ಅಡಗಿಸಿ ಕಳಿಸಿದರೆಂದು ಹೇಳುತ್ತಾರೆ. ಪಡೆ ಬಣ ಬದಲಿಸಿತು. 1796ರ ಫೆಬ್ರುವರಿಯಲ್ಲಿ ಕೊಲಂಬೊ ಬಿತ್ತು. ಮೂರು ವರ್ಷದ ಮೇಲೆ, 1799ರ ಮೇ 4ರ ಮಧ್ಯಾಹ್ನ, ಅದೇ ಪಡೆಯವರು ಬಂದೂಕಿಗೆ ಸನೀನು ಸಿಕ್ಕಿಸಿಕೊಂಡು ಕಾವೇರಿಗೆ ಇಳಿದು ಶ್ರೀರಂಗಪಟ್ಟಣದ ಕೋಟೆಯ ಒಡಕಿನತ್ತ ಓಡಿದರು.

ಆ ಕೋಟೆಯ ಸುಲ್ತಾನ ಟಿಪ್ಪು ಯಾರು, ಅವನು ನಮ್ಮವನೋ ಅಲ್ಲವೋ ಎಂಬ ಚರ್ಚೆ ನಮ್ಮಲ್ಲಿ ಪ್ರತಿವರ್ಷ ಏಳುತ್ತದೆ. ಆ ಚರ್ಚೆಯಲ್ಲಿ ಸುಲ್ತಾನ ಇರುತ್ತಾನೆ, ಗವರ್ನರ್ ಜನರಲ್ ಇರುತ್ತಾನೆ, ಒಡೆಯರ ಮನೆತನ ಇರುತ್ತದೆ, ಸುಲ್ತಾನನ ಮಂತ್ರಿ ಮೀರ್ ಸಾದಿಕ್ ಇರುತ್ತಾನೆ. ಕೋಟೆಯ ಮೇಲೆ ನಿಂತವನೂ ಹೊಳೆಗೆ ಇಳಿದವನೂ ಇರುವುದಿಲ್ಲ. ಅವರಿಗೆ ತಮ್ಮ ತಮ್ಮ ದೊರೆಯ ಕಾರಣವೇ ಕಾರಣ, ಇಲ್ಲವೇ ತಮ್ಮ ಜಾತಿ ಮತದ ಕಾರಣವೇ ಕಾರಣ ಎಂದು ನಾವು ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತೇವೆ. ಆ ತೀರ್ಮಾನ ನಿಲ್ಲುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೈಸೂರಿನ ಯುದ್ಧಗಳನ್ನು ಹೊರಗಿನವರ ಮತ್ತು ಒಳಗಿನವರ ಯುದ್ಧವೆಂದೇ ಓದುತ್ತೇವೆ. ಅವುಗಳಿಗೆ ಅಂತರ್ಯುದ್ಧದ ಮುಖವೂ ಇತ್ತು. ಅರಮನೆಯ ರಾಣಿ ಲಕ್ಷ್ಮಮ್ಮಣ್ಣಿಯವರು ಪ್ರಧಾನ ತಿರುಮಲರಾಯರ ಮೂಲಕ 1782ರಲ್ಲೇ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿದ್ದರು. ಕೊಡಗಿನ ದೊಡ್ಡವೀರರಾಜೇಂದ್ರ ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಕಂಪನಿಯ ಜೊತೆ ಕೈಜೋಡಿಸಿದ್ದ. ಸುಲ್ತಾನನ ಖಜಾನೆ ನೋಡಿಕೊಳ್ಳುತ್ತಿದ್ದವರು ಪೂರ್ಣಯ್ಯ. ಕೋಟೆಯ ಒಳಗೂ ಹೊರಗೂ ಹಿಂದೂ, ಮುಸಲ್ಮಾನ, ಕ್ರೈಸ್ತ ಸಿಪಾಯಿಗಳಿದ್ದರು. ಟಿಪ್ಪುವಿನ ಎದುರು ನಿಂತ ದೊಡ್ಡ ಪಡೆಗಳಲ್ಲೊಂದು ಹೈದರಾಬಾದಿನ ನಿಜಾಮನದು. ಜನಾಂಗದ ಗೆರೆ ಎಳೆದು ಈ ಯುದ್ಧವನ್ನು ಎರಡು ಭಾಗ ಮಾಡಲು ಹೊರಟರೆ ಆ ಗೆರೆ ಎರಡೂ ಪಾಳೆಯಗಳ ಒಳಗೇ ಹಾದುಹೋಗುತ್ತದೆ.

ಅಮೆರಿಕದ ಅಂತರ್ಯುದ್ಧದ (1861-65) ಸೈನಿಕರ ಬಗ್ಗೆ ಜೇಮ್ಸ್ ಮೆಕ್‌ಫರ್ಸನ್ ಎಂಬ ಇತಿಹಾಸಕಾರ 1997ರಲ್ಲಿ ಒಂದು ಪುಸ್ತಕ ಬರೆದರು. ಎರಡೂ ಕಡೆಯ ಸೈನಿಕರು ಮನೆಗೆ ಬರೆದ 25,000ಕ್ಕೂ ಹೆಚ್ಚು ಕಾಗದಗಳನ್ನೂ ದಿನಚರಿಗಳನ್ನೂ ಓದಿ ಮಾಡಿದ ಕೆಲಸ ಅದು. ಸೈನಿಕ ಯಾಕೆ ಕಾದುತ್ತಾನೆ ಎಂಬ ಒಂದೇ ಪ್ರಶ್ನೆಯನ್ನು ಅವರು ಮೂರಾಗಿ ಬಿಡಿಸುತ್ತಾರೆ. ಸೇನೆಗೆ ಸೇರಿದ್ದು ಯಾಕೆ, ಸೇರಿದ ಮೇಲೆ ಬಿಟ್ಟು ಹೋಗದೆ ಉಳಿದದ್ದು ಯಾಕೆ, ಗುಂಡು ಹಾರುವ ಗಳಿಗೆಯಲ್ಲಿ ಬೆನ್ನು ತೋರದೆ ನಿಂತದ್ದು ಯಾಕೆ. ಮೂರಕ್ಕೂ ಒಂದೇ ಉತ್ತರ ಇರಬೇಕಿಲ್ಲ. ಸಾಲ ತೀರಿಸಲು ಸೇರಿದವನು ಗೆಳೆಯನಿಗಾಗಿ ಉಳಿಯಬಹುದು, ನಾಚಿಕೆಗೆ ಹೆದರಿ ಗುಂಡಿಗೆ ಎದೆ ಕೊಡಬಹುದು.

ನಮ್ಮ ಸಿಪಾಯಿಗಳು ಕಾಗದ ಬಿಟ್ಟು ಹೋಗಲಿಲ್ಲ. ಹೆಚ್ಚಿನವರಿಗೆ ಓದು ಬರಹ ಇರಲಿಲ್ಲ. ಆದರೆ ಅವರು ಮಾಡಿದ ಕೆಲಸಗಳು ದಾಖಲಾಗಿವೆ. ಯಾರು ಯಾವಾಗ ಬಿಟ್ಟು ಹೋದರು, ಯಾರು ಉಳಿದರು, ಯಾರು ಯಾವುದಕ್ಕೆ ದಂಗೆ ಎದ್ದರು ಎಂಬುದರಿಂದ ಅವರ ಮನಸ್ಸನ್ನು ಅಷ್ಟಿಷ್ಟು ಊಹಿಸಬಹುದು.

ಸೇರಿದ್ದು ಯಾಕೆ ಎಂಬ ಪ್ರಶ್ನೆಗೆ ಸಾವಿರಾರು ಮಂದಿಯ ಉತ್ತರ ಬಹಳ ಕಠೋರವಾದದ್ದು: ಅವರು ಸೇರಲಿಲ್ಲ, ಸೇರಿಸಲಾಯಿತು. 1779ರಲ್ಲಿ ಟಿಪ್ಪುವಿನ ತಂದೆ ಹೈದರ್ ಅಲಿ ಚಿತ್ರದುರ್ಗ ಹಿಡಿದು ಮದಕರಿ ನಾಯಕನನ್ನು ಸೆರೆಯಾಗಿಸಿದಾಗ ದುರ್ಗದ ಸುತ್ತಿನ ಬೇಡರ ಕುಟುಂಬಗಳನ್ನು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದ. ಇಪ್ಪತ್ತು ಸಾವಿರ ಜನ ಎಂದು ಇಂಗ್ಲಿಷ್ ಇತಿಹಾಸಕಾರರು ಬರೆಯುತ್ತಾರೆ. ಅವರಲ್ಲಿ ವಯಸ್ಸಿಗೆ ಬಂದ ಹುಡುಗರನ್ನು ಆರಿಸಿ, ಮತಾಂತರಿಸಿ, ಕವಾಯತು ಕಲಿಸಿ ಚೇಲಾ ಪಲ್ಟನ್‌ಗಳನ್ನು ಕಟ್ಟಿದ. ದುರ್ಗದ ಕಹಳೆ ಕೇಳಿ ಬೆಳೆದ ಹುಡುಗರು ದುರ್ಗವನ್ನು ಮುರಿದವನ ಸಿಪಾಯಿಗಳಾದರು. ಆಮೇಲೆ ಟಿಪ್ಪುವಿನ ಕಾಲದಲ್ಲಿ ಕೊಡಗಿನಿಂದ, ಮಲಬಾರಿನಿಂದ ಸೆರೆ ತಂದವರನ್ನು ಇದೇ ಬಗೆಯಲ್ಲಿ ಅಹಮದಿ ಪಡೆಗಳಿಗೆ ಸೇರಿಸಲಾಯಿತು. ಕೊಡಗಿನಿಂದ ಎಷ್ಟು ಮಂದಿಯನ್ನು ಸಾಗಿಸಿದರೆಂಬ ಲೆಕ್ಕದಲ್ಲಿ ಇಂದಿಗೂ ಒಮ್ಮತವಿಲ್ಲ. ಸಾಗಿಸಿದ್ದರ ಬಗ್ಗೆ ಅನುಮಾನವಿಲ್ಲ.

ಈ ಪಡೆಗಳಿಗೆ ಕವಾಯತು ಕಲಿಸಿದವರಲ್ಲಿ ಇಂಗ್ಲಿಷ್ ಹುಡುಗರೂ ಇದ್ದರು. ಜೇಮ್ಸ್ ಸ್ಕರಿ ಎಂಬ ಹಡಗಿನ ಹುಡುಗ 1782ರಲ್ಲಿ ಫ್ರೆಂಚರ ಕೈಗೆ ಸಿಕ್ಕಿ, ಅವರಿಂದ ಹೈದರನ ವಶಕ್ಕೆ ಬಂದ. ಅವನಿಗೂ ಅವನ ಜೊತೆಯವರಿಗೂ ಬಲವಂತವಾಗಿ ಸುನ್ನತಿಯಾಯಿತು, ಹೊಸ ಹೆಸರು ಬಂತು, ಚೇಲಾ ಹುಡುಗರಿಗೆ ಬಂದೂಕು ಹಿಡಿಯುವುದನ್ನು ಕಲಿಸುವ ಕೆಲಸ ಬಿತ್ತು. ಸುಮಾರು ಹತ್ತು ವರ್ಷದ ಮೇಲೆ ತಪ್ಪಿಸಿಕೊಂಡು ಊರು ಸೇರಿದ. ಅವನ ಅನುಭವಕಥನ 1824ರಲ್ಲಿ ಅಚ್ಚಾಯಿತು. ಸೆರೆಯಾಳು ಇಂಗ್ಲಿಷ್ ಹುಡುಗ ಸೆರೆಯಾಳು ಕನ್ನಡದ ಹುಡುಗನಿಗೆ ಕವಾಯತು ಹೇಳಿಕೊಡುತ್ತಿರುವ ಆ ಬಯಲನ್ನು ನೆನೆದಾಗಲೆಲ್ಲ, ಇಬ್ಬರನ್ನೂ ಒಂದೊಂದು ಬಾವುಟದ ಕೆಳಗೆ ನಿಲ್ಲಿಸಿ ವಿವರಿಸುವ ನಮ್ಮ ಪಾಠಪುಸ್ತಕಗಳ ಬಗ್ಗೆ ನನಗೆ ಬೇಸರವಾಗುತ್ತದೆ.

ಬಲವಂತದಿಂದ ಬಂದವನು ಉಳಿಯುತ್ತಾನೆಯೇ? 1792ರ ಫೆಬ್ರುವರಿ 6ರ ರಾತ್ರಿ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೇನೆ ಶ್ರೀರಂಗಪಟ್ಟಣದ ಹೊರಪಾಳೆಯದ ಮೇಲೆ ಬಿತ್ತು. ಕತ್ತಲ ಆ ಗಲಿಬಿಲಿಯಲ್ಲಿ ಸಾವಿರಾರು ಕೊಡವರು ತಮ್ಮ ಬಂದೂಕುಗಳನ್ನು ಹೊತ್ತುಕೊಂಡೇ ಸಾಲು ಬಿಟ್ಟು ಪಡುವಣಕ್ಕೆ, ತಮ್ಮ ಕಾಡುಬೆಟ್ಟಗಳ ಕಡೆಗೆ ನಡೆದರು. ಅವರು ಕಂಪನಿಯ ಕಡೆಗೆ ಸೇರಲು ಹೋಗಲಿಲ್ಲ, ಮನೆಗೆ ಹೋದರು. ಅದೇ ರಾತ್ರಿ ಟಿಪ್ಪುವಿನ ಸಂಬಳದಲ್ಲಿದ್ದ ಐವತ್ತಕ್ಕೂ ಹೆಚ್ಚು ಯುರೋಪಿಯನ್ನರು ಎದುರು ಪಾಳೆಯಕ್ಕೆ ಹೋದರು. ಸ್ವಂತ ಇಚ್ಛೆಯಿಂದ ಬಂದವರು ಹಾಗೂ ಬಲವಂತದಿಂದ ಬಂದವರು ಒಂದೇ ರಾತ್ರಿ, ಬೇರೆ ಬೇರೆ ಕಾರಣಕ್ಕೆ ಬಿಟ್ಟು ಹೋದರು.

ಹಾಗೆಂದು ಬಿಟ್ಟು ಹೋದವರ ಕತೆಯೇ ಪೂರ್ತಿ ಕತೆಯಾಗುವುದಿಲ್ಲ. ಸೈಯದ್ ಗಫಾರ್‌ನನ್ನು ನೋಡಿ. ಅವನು ಮೊದಲು ಕಂಪನಿಯ ಸೇವೆಯಲ್ಲಿದ್ದವನು. 1782ರಲ್ಲಿ ತಂಜಾವೂರಿನ ಕಡೆ ಕರ್ನಲ್ ಬ್ರೇತ್‌ವೈಟ್‌ನ ಪಡೆ ಟಿಪ್ಪುವಿಗೆ ಶರಣಾದಾಗ ಸೆರೆಸಿಕ್ಕಿ ಆಮೇಲೆ ಮೈಸೂರಿನ ಸೇನೆ ಸೇರಿದ. ಹದಿನೇಳು ವರ್ಷದ ಮೇಲೆ, ಮೇ 4ರಂದು, ಒಡಕಿನ ಬಳಿ ಕಾವಲು ಬಿಗಿ ಮಾಡಬೇಕೆಂದು ಓಡಾಡುತ್ತಿದ್ದವನು ಅವನೇ. ಹಲ್ಲೆ ಶುರುವಾಗುವ ಹೊತ್ತಿಗೆ ಫಿರಂಗಿ ಗುಂಡು ತಗುಲಿ ಸತ್ತ. ಸೆರೆಯಾಳಾಗಿ ಬಂದವನೊಬ್ಬ ಕೊನೆಯ ದಿನದವರೆಗೆ ಉಳಿದು ಜೀವ ಕೊಟ್ಟ. ಅವನನ್ನು ಹಿಡಿದಿಟ್ಟದ್ದು ಏನು? ಧರ್ಮ ಒಂದೇ ಆಗಿದ್ದರೆ ನಿಜಾಮನ ಪಾಳೆಯವೂ ಅವನದಾಗಬಹುದಿತ್ತು. ಸಂಬಳ ಒಂದೇ ಆಗಿದ್ದರೆ ಸೋಲು ಖಚಿತವಾದ ಕೋಟೆಯಲ್ಲಿ ಅವನು ಇರಬೇಕಾಗಿರಲಿಲ್ಲ. ಅಷ್ಟು ವರ್ಷ ಜೊತೆಗೆ ಉಂಡವರ ಮುಂದೆ ಹಿಂಜರಿಯಲಾರದ ಮನಸ್ಸು ಅದೆಂದು ನಾನು ತಿಳಿಯುತ್ತೇನೆ.

ಈ ಮನಸ್ಸು ಕನ್ನಡ ನಾಡಿಗೆ ಹೊಸದಲ್ಲ. ಜೋಳವಾಳಿ, ವೇಳೆವಾಳಿ, ಲೆಂಕವಾಳಿ ಎಂದು ನಮ್ಮ ಹಳೆಯ ಶಾಸನಗಳೂ ಕಾವ್ಯಗಳೂ ಹೇಳುವ ಬದ್ಧತೆಗಳು ಇದೇ ಬಗೆಯವು: ಒಡೆಯನ ಜೋಳ ಉಂಡವನು ಸಮಯ ಬಂದಾಗ ತಲೆ ಕೊಡಬೇಕು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಕುವರಲಕ್ಷ್ಮನ ಕಂಬ ಇಂದಿಗೂ ನಿಂತಿದೆ; ವೀರಬಲ್ಲಾಳ ತೀರಿಕೊಂಡಾಗ ಹೆಂಡತಿಯೊಡನೆ, ತನ್ನ ಯೋಧರೊಡನೆ ಪ್ರಾಣ ತೊರೆದ ದಂಡನಾಯಕ ಅವನು. ಇದರಲ್ಲಿ ಕುಲಕ್ಕಿಂತ ಉಪ್ಪಿನ ಋಣ ದೊಡ್ಡದು. ಆದರೆ ಆ ಋಣ ಒಮ್ಮುಖವಾಗಿರಲಿಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಸತ್ತ ಆಳಿನ ಮನೆಗೆ ಒಡೆಯ ನೆತ್ತರುಕೊಡಗೆಯ ಭೂಮಿ ಬಿಡಬೇಕಿತ್ತು. ಗೆದ್ದು ಬಂದವನಿಗೆ ಬಾಳ್ಗಚ್ಚು ಕೊಡಬೇಕಿತ್ತು. ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೇರನಿಗೆ ಆತಕೂರು ಸೀಮೆ ಸಿಕ್ಕಿದ್ದು ಹಾಗೆ. ವೀರಗಲ್ಲಿನಲ್ಲಿ ಅಪ್ಸರೆಯರು ವೀರನನ್ನು ಸ್ವರ್ಗಕ್ಕೆ ಒಯ್ಯುತ್ತಾರೆ, ಅದೇ ಕಲ್ಲಿನ ಬರಹ ಅವನ ಮಕ್ಕಳಿಗೆ ಎಷ್ಟು ಗದ್ದೆ ಎಂಬುದನ್ನೂ ಹೇಳುತ್ತದೆ. ಸತ್ತರೆ ಮನೆ ಬೀದಿಗೆ ಬೀಳುವುದಿಲ್ಲ ಎಂಬ ಭರವಸೆ ಇರುವವನು ಮಾತ್ರ ಮುಂದಕ್ಕೆ ಹೆಜ್ಜೆ ಇಡುತ್ತಾನೆ.

ಕಂಪನಿ ಗೆದ್ದದ್ದರಲ್ಲಿ ಈ ಭರವಸೆಯ ಪಾಲು ದೊಡ್ಡದು. ಅದರ ಫಿರಂಗಿಗಳು ಮೈಸೂರಿನ ಫಿರಂಗಿಗಳಿಗಿಂತ ಬಹಳ ಮೇಲೇನೂ ಇರಲಿಲ್ಲ. ಮೈಸೂರಿನ ರಾಕೆಟ್ಟುಗಳಂತೂ ಅವರಲ್ಲಿರಲೇ ಇಲ್ಲ. ತಿಂಗಳಿಗೆ ತಿಂಗಳು ಸಂಬಳ, ಗಾಯಗೊಂಡು ಕೆಲಸಕ್ಕೆ ಬಾರದವನಿಗೆ ಪಿಂಚಣಿ, ಇವು ಅವರಲ್ಲಿ ಇದ್ದವು. ನಮ್ಮ ದೊರೆಗಳ ಸೇನೆಗಳಲ್ಲಿ ಬಾಕಿ ಎಂಬುದು ಮಾಮೂಲು ಸಂಗತಿ. 1798ರ ಅಕ್ಟೋಬರಿನಲ್ಲಿ ನಿಜಾಮನ ಫ್ರೆಂಚ್ ಪಡೆಯನ್ನು, ಹದಿನಾಲ್ಕು ಸಾವಿರ ಸಿಪಾಯಿಗಳ ಪಡೆಯನ್ನು, ಕಂಪನಿ ರಕ್ತಪಾತವಿಲ್ಲದೆ ನಿಶ್ಶಸ್ತ್ರಗೊಳಿಸಿತು. ಸಂಬಳದ ಬಾಕಿಗೆ ಸಿಟ್ಟಾದ ಸಿಪಾಯಿಗಳು ತಮ್ಮ ಫ್ರೆಂಚ್ ಅಧಿಕಾರಿಗಳನ್ನೇ ಹಿಡಿದಿಟ್ಟಿದ್ದರು. ಆ ಪಡೆ ಉಳಿದಿದ್ದರೆ ಮರುವರ್ಷ ಮೈಸೂರಿನ ಮೇಲೆ ಬರುವಾಗ ಕಂಪನಿಗೆ ಬೆನ್ನ ಹಿಂದಿನ ಅಳುಕು ಉಳಿಯುತ್ತಿತ್ತು. ಶ್ರೀರಂಗಪಟ್ಟಣದಲ್ಲಿ ಇಂದಿಗೂ ಜನ ಹೇಳುವ ಕತೆ ಇದೆ: ಕೊನೆಯ ದಿನ ಮಧ್ಯಾಹ್ನ ಸಂಬಳ ಹಂಚುವ ನೆಪ ಹೇಳಿ ಮೀರ್ ಸಾದಿಕ್ ಒಡಕಿನ ಕಾವಲಿನವರನ್ನು ಕರೆಸಿಕೊಂಡನಂತೆ. ಅದು ನಡೆಯಿತೋ ಇಲ್ಲವೋ, ದ್ರೋಹಕ್ಕೆ ಜನರ ನೆನಪು ಹುಡುಕಿಕೊಂಡ ನೆಪ ಮಾತ್ರ ಸಂಬಳ. ಸಿಪಾಯಿ ಕೋಟೆ ಬಿಟ್ಟು ಬರುವನೆಂದರೆ ಅದು ಸಂಬಳಕ್ಕೇ ಎಂದು ಕತೆ ಕಟ್ಟಿದವರಿಗೂ ಕೇಳಿದವರಿಗೂ ಗೊತ್ತಿತ್ತು.

ಧ್ಯೇಯಕ್ಕಾಗಿ ಕಾದಿದವರು ಇರಲಿಲ್ಲವೇ? ಇದ್ದರು. 1798ರ ಏಪ್ರಿಲಿನಲ್ಲಿ ಮಾರಿಷಸ್‌ನಿಂದ ಮಂಗಳೂರಿಗೆ ಬಂದಿಳಿದ ಫ್ರೆಂಚ್ ಸ್ವಯಂಸೇವಕರು ನೂರಕ್ಕೂ ಕಡಿಮೆ. ರಾಜರೇ ಬೇಡವೆಂದ ಕ್ರಾಂತಿಯ ಮಕ್ಕಳು ಒಬ್ಬ ಸುಲ್ತಾನನಿಗಾಗಿ ಬಂದೂಕು ಹಿಡಿಯಲು ಬಂದಿದ್ದರು. ಅದಕ್ಕೂ ಒಂದು ವರ್ಷ ಮೊದಲು ಶ್ರೀರಂಗಪಟ್ಟಣದಲ್ಲಿ ಅವರ ದೇಶದವರು ಜಾಕೊಬಿನ್ ಕ್ಲಬ್ ಕಟ್ಟಿ ಸ್ವಾತಂತ್ರ್ಯದ ಮರ ನೆಟ್ಟರೆಂದು ಕಂಪನಿ ಅಚ್ಚು ಹಾಕಿಸಿದ ಕಾಗದಪತ್ರಗಳು ಹೇಳುತ್ತವೆ; ಆ ಕಾಗದಪತ್ರಗಳನ್ನು ಎಷ್ಟು ನಂಬಬೇಕೆಂಬುದರ ಬಗ್ಗೆ ಇತಿಹಾಸಕಾರರು ಜಗಳವಾಡುತ್ತಾರೆ. ಏನೇ ಇರಲಿ, ಅವರಿಗೆ ಇಂಗ್ಲೆಂಡಿನ ಮೇಲಿದ್ದ ಹಗೆ ನಿಜವಾದದ್ದು. ಎದುರು ಪಾಳೆಯದ ಸ್ಕಾಟಿಷ್ ಗುಡ್ಡಗಾಡಿನವರ ಕತೆ ತಿರುಗುಮುರುಗು. ಅವರ ಅಜ್ಜಂದಿರಲ್ಲಿ ಎಷ್ಟೋ ಮಂದಿ 1746ರಲ್ಲಿ ಕಲೋಡನ್ನಿನ ಬಯಲಿನಲ್ಲಿ ಲಂಡನ್ನಿನ ದೊರೆಯ ವಿರುದ್ಧ ಕಾದಿ ಸೋತವರು. ಮೊಮ್ಮಕ್ಕಳು ಅದೇ ಸಿಂಹಾಸನದ ಸಂಬಳಕ್ಕೆ ಕಾವೇರಿ ದಾಟಿದರು. ಅವರನ್ನು ನಡೆಸಿದ ಡೇವಿಡ್ ಬೇರ್ಡ್‌ನಿಗೆ ಮಾತ್ರ ಸ್ವಂತದ್ದೊಂದು ಲೆಕ್ಕವಿತ್ತು. 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕಿ 1784ರವರೆಗೆ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ಕೊಳೆತವನು ಅವನು. ಹಲ್ಲೆಯ ಮುಂದಾಳತ್ವವನ್ನು ಕೇಳಿ ಪಡೆದುಕೊಂಡ.

ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಆ ಮಧ್ಯಾಹ್ನ ಹೊಳೆಗೆ ಇಳಿದರು. ಕೆಲವೇ ನಿಮಿಷದಲ್ಲಿ ಒಡಕಿನ ಮೇಲೆ ಬಾವುಟ ಏರಿತು, ಸಂಜೆಯೊಳಗೆ ಸುಲ್ತಾನ ನೀರುಬಾಗಿಲ ಬಳಿ ಹೆಣಗಳ ರಾಶಿಯಲ್ಲಿ ಸಿಕ್ಕ. ರಾತ್ರಿಯೆಲ್ಲ ಲೂಟಿ ನಡೆಯಿತು. ಮರುದಿನ ಕರ್ನಲ್ ಆರ್ಥರ್ ವೆಲ್ಲೆಸ್ಲಿ ನಾಲ್ವರನ್ನು ಗಲ್ಲಿಗೇರಿಸಿ, ಹಲವರಿಗೆ ಛಡಿಯೇಟು ಕೊಡಿಸಿ ಅದನ್ನು ನಿಲ್ಲಿಸಬೇಕಾಯಿತು. ಆಮೇಲೆ ಲೆಕ್ಕದ ಲೂಟಿ ಹಂಚಿಕೆಯಾಯಿತು. ಸೇನಾಪತಿ ಹ್ಯಾರಿಸ್‌ಗೆ ಒಂದು ಲಕ್ಷ ಪೌಂಡಿಗೂ ಮೀರಿದ ಪಾಲು. ಒಡಕು ಹತ್ತಿದ ಬಿಳಿಯ ಸಿಪಾಯಿಗೆ ಸುಮಾರು 7 ಪೌಂಡ್, ಅವನ ಪಕ್ಕದಲ್ಲೇ ಹತ್ತಿದ ದೇಶೀಯ ಸಿಪಾಯಿಗೆ ಸುಮಾರು 5. ಒಂದೇ ಹೊಳೆ, ಒಂದೇ ಗುಂಡಿನ ಮಳೆ, ಸಾವಿನ ಬೆಲೆ ಮಾತ್ರ ಬೇರೆ ಬೇರೆ.

ಈ ಎರಡು ಪೌಂಡಿನ ವ್ಯತ್ಯಾಸ ಹಣದ್ದಷ್ಟೇ ಎಂದು ನನಗೆ ಅನಿಸುವುದಿಲ್ಲ. ಅರವತ್ತು ವರ್ಷದ ನಂತರ ಅಮೆರಿಕದ ಅಂತರ್ಯುದ್ಧದಲ್ಲಿ ಇದೇ ಲೆಕ್ಕ ಬೇರೆ ರೂಪದಲ್ಲಿ ಎದ್ದಿತು. ಉತ್ತರದ ಸೇನೆ ಸೇರಿದ ಕಪ್ಪು ಜನ ಸುಮಾರು 1,79,000. ಬಹಳ ಮಂದಿ ಅದಕ್ಕೆ ಮುಂಚೆ ಗುಲಾಮರಾಗಿದ್ದವರು. ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್. ಕಪ್ಪು ಸೈನಿಕನಿಗೆ 10 ಡಾಲರ್, ಅದರಲ್ಲೂ ಬಟ್ಟೆಯ ಬಾಬ್ತು 3 ಡಾಲರ್ ಮುರಿದುಕೊಂಡು ಕೈಗೆ 7. ಮ್ಯಾಸಚೂಸೆಟ್ಸ್‌ನ 54ನೇ ರೆಜಿಮೆಂಟಿನ ಕಪ್ಪು ಸೈನಿಕರು ಆ 7 ಡಾಲರನ್ನು ಮುಟ್ಟಲಿಲ್ಲ. ಸಮಾನ ಸಂಬಳ ಕೊಡಿ, ಇಲ್ಲವೇ ಬಿಟ್ಟಿ ದುಡಿಯುತ್ತೇವೆ ಎಂದರು. 1863ರ ಜುಲೈ 18ರಂದು ವ್ಯಾಗ್ನರ್ ಕೋಟೆಯ ಮೇಲೆ ಏರಿ ಹೋಗಿ ನೂರಾರು ಮಂದಿಯನ್ನು ಕಳೆದುಕೊಂಡ ಪಡೆ ಅದು. ಆ ದಿನ ಅವರ ಜೇಬಿನಲ್ಲಿ ಸರ್ಕಾರದ ಒಂದು ಕಾಸೂ ಇರಲಿಲ್ಲ. ಊರಲ್ಲಿ ಅವರ ಹೆಂಡತಿ ಮಕ್ಕಳು ನಿರ್ಗತಿಕರ ಆಶ್ರಯಧಾಮಗಳ ಆಸರೆ ಪಡೆಯಬೇಕಾದ ಸ್ಥಿತಿ ಬಂದರೂ ಅವರು ಹಟ ಬಿಡಲಿಲ್ಲ. 1864ರ ಜೂನಿನಲ್ಲಿ ಅಮೆರಿಕದ ಕಾಂಗ್ರೆಸ್ಸು ಕಾನೂನು ತಿದ್ದಿತು. ಸಂಬಳ ಸಿಪಾಯಿಗೆ ಮುಖ್ಯ ಎಂದು ನಾನು ಇದುವರೆಗೆ ಹೇಳಿದ್ದು ಇಲ್ಲಿಗೆ ಬಂದು ಇನ್ನೊಂದು ಅರ್ಥ ಪಡೆಯುತ್ತದೆ. ಅವರು ಸಂಬಳ ಬಿಟ್ಟಿದ್ದು ಸಂಬಳಕ್ಕಾಗಿಯೇ, ಅದರೊಳಗಿದ್ದ ಮಾನಕ್ಕಾಗಿ.

ಅದೇ ಅಂತರ್ಯುದ್ಧದಲ್ಲಿ ಮೂಲನಿವಾಸಿಗಳು ಎರಡೂ ಕಡೆ ನಿಂತರು. ಚೆರೊಕೀ ಜನಾಂಗದ ಸ್ಟ್ಯಾಂಡ್ ವೇಟಿ ದಕ್ಷಿಣದ ಸೇನೆಯಲ್ಲಿ ಜನರಲ್. ಆ ಕಡೆಯ ಜನರಲ್‌ಗಳಲ್ಲಿ ಎಲ್ಲರಿಗಿಂತ ಕೊನೆಗೆ, 1865ರ ಜೂನಿನಲ್ಲಿ, ಶರಣಾದವನು. ಅವನು ತಾನೇ ಗುಲಾಮರನ್ನು ಇಟ್ಟುಕೊಂಡಿದ್ದ. ಸೆನೆಕಾ ಜನಾಂಗದ ಈಲಿ ಪಾರ್ಕರ್ ಉತ್ತರದ ಜನರಲ್ ಗ್ರಾಂಟ್‌ನ ಕಾರ್ಯದರ್ಶಿ. ಅಪೊಮ್ಯಾಟಾಕ್ಸ್‌ನಲ್ಲಿ ದಕ್ಷಿಣದವರ ಶರಣಾಗತಿಯ ಕರಾರನ್ನು ತನ್ನ ಕೈಯಾರೆ ನಕಲು ತೆಗೆದವನು. ಇವರಿಬ್ಬರನ್ನೂ ಮೂಲನಿವಾಸಿಗಳೆಂಬ ಒಂದೇ ಲೆಕ್ಕಕ್ಕೆ ಹಾಕಿದರೆ ಯಾವ ಉತ್ತರವೂ ಸಿಗುವುದಿಲ್ಲ.

ಮಾನದ ಮಾತು ನಮ್ಮ ನೆಲದಲ್ಲಿ ಜಾತಿಯನ್ನು ಬಿಟ್ಟು ಆಡುವ ಹಾಗಿಲ್ಲ. ಮದ್ರಾಸ್ ಮತ್ತು ಬೊಂಬಾಯಿ ಸೇನೆಗಳಲ್ಲಿ ದಲಿತ ಸಮುದಾಯಗಳಿಂದ ಬಂದವರು ಬಹಳ ಮಂದಿ ಇದ್ದರು. 1799ರ ಮಾರ್ಚ್ 6ರಂದು ಕೊಡಗಿನ ಗಡಿಯ ಸಿದ್ದೇಶ್ವರದಲ್ಲಿ ಟಿಪ್ಪುವಿನ ಸೇನೆಯನ್ನು ತಡೆದು ನಿಂತದ್ದು ಬೊಂಬಾಯಿ ಸೇನೆಯೇ. ಊರ ಬಾವಿಗೆ ಹತ್ತಿರ ಬರಬಾರದು, ಬೀದಿಯಲ್ಲಿ ಚಪ್ಪಲಿ ಮೆಟ್ಟಿ ನಡೆಯಬಾರದು ಎನ್ನಿಸಿಕೊಂಡವನು ಕೆಂಪು ಅಂಗಿ ತೊಟ್ಟು, ಬಂದೂಕು ಹೊತ್ತು, ಹವಾಲ್ದಾರನಾಗಿ, ಸುಬೇದಾರನಾಗಿ ಅದೇ ಬೀದಿಯಲ್ಲಿ ನಡೆಯಬಹುದಿತ್ತು. ಆ ಅಂಗಿ ಪರದೇಶಿ ಕಂಪನಿಯದು ಎಂದು ನಾವು ಇಂದು ಕುಳಿತು ದೂರುವುದು ಸುಲಭ. ಸ್ವದೇಶಿ ದೊರೆಗಳಲ್ಲಿ ಎಷ್ಟು ಮಂದಿ ಆ ಅಂಗಿಯನ್ನು ಅವನಿಗೆ ತೊಡಿಸಲು ಸಿದ್ಧರಿದ್ದರು ಎಂಬುದನ್ನೂ ಕೇಳಬೇಕು. ಅಂಬೇಡ್ಕರರ ತಂದೆ ರಾಮಜಿ ಸಕ್ಪಾಲರು ಇದೇ ಸೇನೆಯ ಸುಬೇದಾರರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಗ್ಲಿಷರು ಯೋಧ ಕುಲಗಳ ಪಟ್ಟಿ ಮಾಡಿಕೊಂಡು ಅಂಬೇಡ್ಕರರ ಸಮುದಾಯವಾದ ಮಹಾರರ ನೇಮಕಾತಿ ನಿಲ್ಲಿಸಿದಾಗ ಆ ಸಮುದಾಯ ಅರ್ಜಿಯ ಮೇಲೆ ಅರ್ಜಿ ಹಾಕಿದ್ದು ಹೊಟ್ಟೆಪಾಡಿಗೆ ಮಾತ್ರ ಆಗಿರಲಿಲ್ಲ.

ಮಾನಕ್ಕೆ ಪೆಟ್ಟು ಬಿದ್ದರೆ ತಿಂಗಳ ಸಂಬಳವೂ ಪಿಂಚಣಿಯೂ ಯಾರನ್ನೂ ಹಿಡಿದಿಡುವುದಿಲ್ಲ ಎಂಬುದಕ್ಕೆ ವೆಲ್ಲೂರು ಸಾಕ್ಷಿ. 1806ರಲ್ಲಿ ಮದ್ರಾಸ್ ಸೇನೆ ಹೊಸ ಬಗೆಯ ಟೋಪಿ ತಂದಿತು, ಹಣೆಯ ನಾಮ, ವಿಭೂತಿ, ಕಿವಿಯ ಒಂಟಿ ತೆಗೆಯಬೇಕೆಂದಿತು, ಗಡ್ಡ ಬೋಳಿಸಬೇಕೆಂದಿತು. ಒಪ್ಪದವರಿಗೆ ಛಡಿಯೇಟು. ಜುಲೈ 10ರ ನಸುಕಿನಲ್ಲಿ ವೆಲ್ಲೂರು ಕೋಟೆಯ ಸಿಪಾಯಿಗಳು ಎದ್ದರು, ನೂರಕ್ಕೂ ಹೆಚ್ಚು ಬಿಳಿಯರನ್ನು ಕೊಂದರು. ಕೋಟೆಯೊಳಗೆ ಇರಿಸಿದ್ದ ಟಿಪ್ಪುವಿನ ಮಕ್ಕಳ ಹೆಸರು ಹೇಳಿ ಮೈಸೂರಿನ ಹುಲಿ ಬಾವುಟ ಏರಿಸಿದರು. ಏಳೇ ವರ್ಷದ ಹಿಂದೆ ಮದ್ರಾಸ್ ಸೇನೆ ಕೆಡವಿದ್ದ ಬಾವುಟ ಅದು. ನಾಮದವನೂ ಗಡ್ಡದವನೂ ಒಂದಾಗಿ ಎದ್ದ ಆ ಬೆಳಿಗ್ಗೆಯನ್ನು ಆರ್ಕಾಟಿನಿಂದ ಬಂದ ಕುದುರೆ ಪಡೆ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಮುಳುಗಿಸಿತು.

ಯುದ್ಧ ಮುಗಿದ ಮೇಲೆ ಸಿಪಾಯಿ ಏನಾಗುತ್ತಾನೆ ಎಂಬುದನ್ನು ಗೆದ್ದವರು ಮೊದಲು ಯೋಚಿಸಲಿಲ್ಲ. ಚನ್ನಗಿರಿಯ ದೊಂಡಿಯಾ ವಾಘ್ ಕೋಟೆ ಬಿದ್ದ ದಿನ ಸೆರೆಮನೆಯಿಂದ ಹೊರಬಿದ್ದವನು, ಕೆಲಸ ಕಳೆದುಕೊಂಡ ಟಿಪ್ಪುವಿನ ಕುದುರೆ ಸವಾರರನ್ನು ಕೂಡಿಸಿಕೊಂಡು ಎರಡು ಲೋಕಗಳ ಒಡೆಯನೆಂದು ಹೆಸರಿಟ್ಟುಕೊಂಡ. ಅವನನ್ನು ಅಟ್ಟಿಸಿಕೊಂಡು ಹೋಗಿ ಕೊಲ್ಲಲು ವೆಲ್ಲೆಸ್ಲಿಗೆ 1800ರ ಸೆಪ್ಟೆಂಬರ್ 10ರವರೆಗೆ ಹಿಡಿಯಿತು. ಅವನ ಬೆನ್ನಿಗೆ ನಿಂತವರಲ್ಲಿ ಹೆಚ್ಚಿನವರನ್ನು ಧ್ಯೇಯವಾದಿಗಳೆಂದಾಗಲಿ ದರೋಡೆಕೋರರೆಂದಾಗಲಿ ಕರೆಯಲು ನನಗೆ ಮನಸ್ಸಿಲ್ಲ. ಕುದುರೆ ಸವಾರಿ ಬಿಟ್ಟು ಬೇರೆ ಕಸುಬು ಗೊತ್ತಿಲ್ಲದ, ಸಂಬಳ ಕೊಡುವ ದೊರೆಯೇ ಇಲ್ಲವಾದ ಜನ ಅವರು.

ಪೂರ್ಣಯ್ಯನವರಿಗೆ ಇದು ಬೇಗ ಅರ್ಥವಾಯಿತು. ಟಿಪ್ಪುವಿನ ಖಜಾನೆಯ ಲೆಕ್ಕ ಇಟ್ಟವರು ಅವರೇ. ಸಂಬಳ ನಿಂತರೆ ಏನಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಐದು ವರ್ಷದ ಕೃಷ್ಣರಾಜ ಒಡೆಯರ ದಿವಾನರಾಗಿ ಅವರು ಹಳೆಯ ಸವಾರರನ್ನು ಸ್ವಂತ ಕುದುರೆಯ ಸಿಲೇದಾರರನ್ನಾಗಿ ಉಳಿಸಿಕೊಂಡರು. ಸುಮಾರು 20,000 ಮಂದಿಯನ್ನು ಕಂದಾಚಾರ ಎಂಬ ಕಾವಲು ದಳದ ಕೆಲಸದಲ್ಲಿ ಇಟ್ಟರು. ತಿಂಗಳಿಗೆ ಎರಡು ಮೂರು ರೂಪಾಯಿ, ಕಾವಲು ಸರದಿ ಇಲ್ಲದಾಗ ತನ್ನ ಹೊಲದಲ್ಲಿ ದುಡಿಯುವ ಅವಕಾಶ. ರಾಜ್ಯಕ್ಕೆ ಅಷ್ಟು ಮಂದಿ ಬೇಕಿತ್ತೇ ಎಂದು ಲೆಕ್ಕ ಹಾಕಿದರೆ ಬೇಕಿರಲಿಲ್ಲ ಎನ್ನಬಹುದು. ಅವರನ್ನು ಬೀದಿಗೆ ಬಿಟ್ಟರೆ ಇನ್ನಷ್ಟು ದೊಂಡಿಯಾಗಳು ಹುಟ್ಟುತ್ತಿದ್ದರು.

ಮೂವತ್ತು ವರ್ಷದ ನಂತರ ಈ ನಾಡು ಒಂದು ನಿಜವಾದ ಅಂತರ್ಯುದ್ಧವನ್ನು ಕಂಡಿತು. 1830ರಲ್ಲಿ ನಗರ ಸೀಮೆಯ ರೈತರು ಕಂದಾಯದ ಹಿಂಸೆಗೆ, ಅಮಲ್ದಾರರ ದಬ್ಬಾಳಿಕೆಗೆ ರೋಸಿ ಕೂಟ ಸೇರಿದರು. ಕೆಳದಿಯ ಸಿಂಹಾಸನ ತನ್ನದೆಂದ ಬೂದಿ ಬಸವಪ್ಪ ಮುಂದಾಳಾದ, ತರೀಕೆರೆಯ ಪಾಳೆಯಗಾರ ಜೊತೆಯಾದ. ಮೈಸೂರಿನ ಸೇನೆ ಹೋಯಿತು, ಸಾಲದೆ ಕಂಪನಿಯ ಸೇನೆಯೂ ಹೋಯಿತು. 1831ರ ಜೂನಿನಲ್ಲಿ ನಗರದ ಕೋಟೆ ಬಿತ್ತು, ಅದೇ ವರ್ಷ ಕಂಪನಿ ರಾಜ್ಯದ ಆಡಳಿತವನ್ನೇ ಕೈಗೆ ತೆಗೆದುಕೊಂಡಿತು. ಅಲ್ಲಿ ಸ್ವಿಸ್ ಪಡೆ ಇರಲಿಲ್ಲ, ಫ್ರೆಂಚರು ಇರಲಿಲ್ಲ. ಕಂದಾಯ ಕಟ್ಟಲಾರದೆ ದೊಣ್ಣೆ ಕತ್ತಿ ಹಿಡಿದು ಎದ್ದ ರೈತನೂ, ಸರದಿ ಮುಗಿದರೆ ಹೊಲ ಉಳುತ್ತಿದ್ದ ಕಂದಾಚಾರದವನೂ ಒಂದೇ ಬಗೆಯ ಮನೆಗಳಿಂದ ಬಂದವರು, ಒಂದೇ ಮಾತನ್ನು ಆಡುವವರು. ಸರ್ಕಾರದ ಕಡೆ ನಿಂತವನನ್ನು ಎರಡು ಮೂರು ರೂಪಾಯಿಯ ಸಂಬಳ ನಿಲ್ಲಿಸಿತ್ತು, ಕೂಟದ ಕಡೆ ಹೋದವನನ್ನು ಅಮಲ್ದಾರ ಜಪ್ತಿ ಮಾಡಿದ ಎತ್ತು ಕಳಿಸಿತ್ತು.